ಎಐ ಹತ್ರ ಪ್ರಶ್ನೆಪತ್ರಿಕೆ ಮಾಡಿಸೋ ಮುಂಚೆ ಇದೊಂದು ನೋಡಿ

ಸರ್, ಮೇಡಂ ಎಲ್ರಿಗೂ ನಮಸ್ಕಾರ. 2022ರ ನವೆಂಬರಲ್ಲಿ ಚಾಟ್‌ಜಿಪಿಟಿ ಅನ್ನೋ ಎಐ ಬಂದಾಗಿಂದ ಯೂನಿಟ್ ಟೆಸ್ಟ್ ಪ್ರಶ್ನೆ, ಲೆಸನ್ ಪ್ಲಾನ್ ಎಲ್ಲಾ ಅದ್ರಲ್ಲೇ ಮಾಡ್ಕೊಳ್ಳೋರು ನಮ್ಮ ಚಿಕ್ಕಬಳ್ಳಾಪುರ ಕಡೇನೂ ಇದೀವಿ. ಮಾಡ್ಕೊಳ್ಳಿ, ತಪ್ಪೇನಿಲ್ಲ, ಆದ್ರೆ ಅದು ಓದಿರೋ ರಾಶಿ ಬರಹದ ಮೇಲೆ ಮುಂದೆ ಯಾವ ಪದ ಬರಬಹುದು ಅಂತ ಊಹೆ ಮಾಡ್ಕೊಂಡು ಹೋಗುತ್ತೆ, ಅದಕ್ಕೇ ತಪ್ಪನ್ನೂ ಅಷ್ಟೇ ಧೈರ್ಯವಾಗಿ ಹೇಳಿಬಿಡುತ್ತೆ.

ಮೊದ್ಲು ನಮಗೆ ಗೊತ್ತಿರೋದನ್ನೇ ಕೇಳಿ ನೋಡಿ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ಯಾವ ಜಿಲ್ಲೆ ಅಂತ ಕೇಳಿ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗೋವರೆಗೂ ಅದು ಕೋಲಾರಕ್ಕೆ ಸೇರಿತ್ತು, ಹಳೇ ಬರಹಗಳಲ್ಲಿ ಹಾಗೇ ಇದೆ, ಅದನ್ನ ಓದಿಕೊಂಡಿರೋ ಎಐ ಕೂಡ ಕೋಲಾರ ಅನ್ನೋ ಚಾನ್ಸ್ ಇದ್ದೇ ಇದೆ. ಇಂಥದ್ದು ಕೀ ಆನ್ಸರಲ್ಲಿ ಸೇರಿಕೊಂಡ್ರೆ ಸರಿ ಬರೆದ ಮಗುವಿನ ಮಾರ್ಕ್ಸೇ ಕಟ್ ಆಗುತ್ತೆ.

ಆಮೇಲೆ ಸುಮ್ನೆ ಪಾಠದ ಹೆಸರು ಹೇಳಿ ಪ್ರಶ್ನೆ ಕೇಳಬೇಡಿ. ಪುಸ್ತಕದ ಪುಟದ ಫೋಟೋ ಹಾಕಿ, "ಇದರಲ್ಲಿ ಇರೋದ್ರಿಂದ ಮಾತ್ರ 2 ಮಾರ್ಕ್ಸಿನ 5 ಪ್ರಶ್ನೆ ಕೊಡು, ಉತ್ತರ ಯಾವ ಸಾಲಲ್ಲಿದೆ ಅದನ್ನೂ ಬರಿ" ಅನ್ನಿ. ಆ ಸಾಲು ಪುಸ್ತಕದಲ್ಲಿ ಹುಡುಕಿ, ಸಿಗಲಿಲ್ವಾ, ಪ್ರಶ್ನೆ ತೆಗೆದುಬಿಡಿ. ಸೈನ್ಸ್‌ನೋರು ಪದಗಳನ್ನೂ ನೋಡ್ಕೊಳ್ಳಿ, ಪುಸ್ತಕದಲ್ಲಿ ದ್ಯುತಿಸಂಶ್ಲೇಷಣೆ ಅಂತಿದ್ರೆ ಎಐ ಇನ್ನೇನೋ ಅನುವಾದ ಮಾಡಿ ಕೊಟ್ಟಿರಬಹುದು, ಕನ್ನಡ ಮೀಡಿಯಂ ಮಕ್ಕಳು ಕಂಗಾಲಾಗ್ತಾರೆ.

ಇನ್ನೊಂದು, ಮಕ್ಕಳ ಹೆಸರು, ಫೋನ್ ನಂಬರ್ ಇರೋ ಮಾರ್ಕ್ಸ್ ಲಿಸ್ಟ್ ಮಾತ್ರ ದಯವಿಟ್ಟು ಅದಕ್ಕೆ ಹಾಕಬೇಡಿ. ಹೆಸರು, ರೋಲ್ ನಂಬರ್ ಬದಲು 1, 2, 3 ಅಂತ ಹಾಕಿದ್ರೂ ನಮ್ಮ ಕೆಲಸ ಆಗುತ್ತೆ.

ಯಾರಾದ್ರೂ ಟ್ರೈ ಮಾಡಿದ್ರೆ ಅದು ಕೊಟ್ಟ ತಪ್ಪು ಉತ್ತರಗಳ ಸ್ಕ್ರೀನ್‌ಶಾಟ್ ಇಲ್ಲೇ ಹಾಕಿ.