ಮೈಕ್ ಬಿಟ್ಟ ಮೇಲೆ

ನಮ್ಮ ಮಕ್ಕಳ ಮ್ಯೂಸಿಯಂನ ಮೊದಲ ಸಂಜೆ ಕಾರ್ಯಕ್ರಮಕ್ಕೆ ಶಾಮಿಯಾನ ಹಾಕಿಸಿದ್ದೆ. ಅರವತ್ತು ಕುರ್ಚಿ, ಎರಡು ಸ್ಪೀಕರ್, ವೇದಿಕೆಗೆ ಜಮಖಾನ, ಆರು ಹೂಗುಚ್ಛ. ಆಹ್ವಾನ ಪತ್ರಿಕೆಯಲ್ಲಿ ಐದೂವರೆ ಅಂತ ಅಚ್ಚಾಗಿತ್ತು. ಮುಖ್ಯ ಅತಿಥಿಗಳು ಬಂದದ್ದು ಏಳಕ್ಕೆ. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ಇಬ್ಬರ ಭಾಷಣ. ಮುಂದಿನ ಸಾಲಿನ ಎರಡು ಮಕ್ಕಳು ಅಮ್ಮನ ತೊಡೆ ಮೇಲೆ ನಿದ್ದೆ ಹೋದವು. ಉಳಿದವು ಶಾಮಿಯಾನದ ಹಿಂದೆ ಹೋಗಿ ಹಗ್ಗ ಕಟ್ಟಿದ್ದ ಗೂಟ ಅಲ್ಲಾಡಿಸುತ್ತಾ ಆಡಿಕೊಂಡವು. ವಂದನಾರ್ಪಣೆ ಹೊತ್ತಿಗೆ ಒಂದು ಮೂಲೆ ಕುಸಿಯಿತು. ಆ ಸಂಜೆ ಮಕ್ಕಳು ಕೈಯಾರೆ ಮಾಡಿದ ಕೆಲಸ ಅದೊಂದೇ.

ನಾನು ಇಪ್ಪತ್ತೆರಡು ವರ್ಷ ಡ್ರಾಯಿಂಗ್ ಟೀಚರ್ ಆಗಿದ್ದವಳು. ಚಿತ್ರದುರ್ಗದ ಹಳೇ ಊರಲ್ಲಿ ನಮ್ಮ ಮಾವನವರ ಕಾಲದ ಶೇಂಗಾ ಗೋಡೌನು ಖಾಲಿ ಬಿದ್ದಿತ್ತು. ಅದಕ್ಕೆ ಸುಣ್ಣ ಬಳಿಸಿ ಮಕ್ಕಳ ಮ್ಯೂಸಿಯಂ ಅಂತ ಹೆಸರಿಟ್ಟೆ. ಹೆಸರು ದೊಡ್ಡದು, ಒಳಗಿರೋದು ಇಷ್ಟೇ: ಬೀಸೋಕಲ್ಲು, ಒರಳು, ಒನಕೆ, ಸೇರು-ಪಾವು-ಚಟಾಕು, ಬಾವಿ ನೀರೆತ್ತುವ ಕಪಿಲೆ ಬಾನಿ, ಮೂರು ಲಾಟೀನು, ನಾಲ್ಕು ಕೀಲಿ ಒತ್ತಿದರೆ ಒಂದು ಅಕ್ಷರ ಮೂಡುವ ಟೈಪ್‌ರೈಟರ್. ಹಿಂದೆ ಒಂದು ಬೇವಿನಮರ, ಮಣ್ಣಿನ ಅಂಗಳ. 'ಮುಟ್ಟಬೇಡಿ' ಅನ್ನೋ ಬೋರ್ಡು ಇಲ್ಲ. ಇದು ನನ್ನ ತಲೆಯಿಂದ ಹುಟ್ಟಿದ್ದೇನಲ್ಲ. ಅಮೆರಿಕದ ಬ್ರೂಕ್ಲಿನ್‌ನಲ್ಲಿ 1899ರಲ್ಲೇ ಮಕ್ಕಳಿಗಂತಲೇ ಮ್ಯೂಸಿಯಂ ಶುರುವಾಗಿತ್ತು. 1960ರ ದಶಕದಲ್ಲಿ ಬಾಸ್ಟನ್ನಿನ ಮಕ್ಕಳ ಮ್ಯೂಸಿಯಂ ನಿರ್ದೇಶಕರಾಗಿದ್ದ ಮೈಕೆಲ್ ಸ್ಪಾಕ್ ವಸ್ತುಗಳನ್ನು ಗಾಜಿನ ಪೆಟ್ಟಿಗೆಯಿಂದ ಆಚೆ ತಂದು ಮಕ್ಕಳ ಕೈಗೆ ಕೊಟ್ಟರು. ಮುಟ್ಟಿದರೆ ಸವೆಯುತ್ತೆ, ಒಡೆಯುತ್ತೆ, ನಿಜ. ನಮ್ಮಲ್ಲಿ ಒಡೆದದ್ದನ್ನು ಬರೆದಿಡಲು ಒಂದು ನೋಟ್‌ಬುಕ್ ಇದೆ, ಎರಡನೇದು ನಡೀತಿದೆ.

ಶಾಮಿಯಾನ ಬಿದ್ದ ಮೇಲೆ ಆರು ತಿಂಗಳು ನಾನು ಯಾವ ಸಂಜೆಯನ್ನೂ ಮಾಡಲಿಲ್ಲ. ಮತ್ತೆ ಶುರು ಮಾಡಿಸಿದ್ದು ಕರೆಂಟು. ಏಪ್ರಿಲ್ಲಿನ ಒಂದು ಶನಿವಾರ ಏಳು ಗಂಟೆಗೆ ಕರೆಂಟು ಹೋಯಿತು, ಒಳಗೆ ಹನ್ನೊಂದು ಮಕ್ಕಳಿದ್ದವು. ಲಾಟೀನು ಹಚ್ಚಿದೆ. ಒಬ್ಬ ಹುಡುಗ ಗೋಡೆ ಮೇಲೆ ನಾಯಿ ಮಾಡಿದ, ಇನ್ನೊಬ್ಬಳು ಆ ನಾಯಿಗೆ ಬಾಲ ಕೊಟ್ಟಳು. ಮಾವನವರ ಬಿಳಿ ಪಂಚೆ ಬಾಗಿಲಿಗೆ ಅಡ್ಡ ಕಟ್ಟಿದೆ. ಎಂಟೂವರೆಗೆ ಕರೆಂಟು ಬಂದಾಗ ಮಕ್ಕಳೆಲ್ಲ ಒಟ್ಟಿಗೆ ಕೂಗಿದ್ದು 'ಆರ್ಸಿ ಮಿಸ್' ಅಂತ.

ಆವತ್ತೇ ತೀರ್ಮಾನಿಸಿದೆ: ತಿಂಗಳಿಗೊಂದು ಕತ್ತಲ ಸಂಜೆ. ದಿನ ನೆನಪಿರಲಿ ಅಂತ ಅಮಾವಾಸ್ಯೆ ಇಟ್ಟೆ. ಮೂರೇ ಮಕ್ಕಳು ಬಂದವು. ಅಮಾವಾಸ್ಯೆ ರಾತ್ರಿ ಮಕ್ಕಳನ್ನು ಹೊರಗೆ ಯಾರು ಕಳಿಸ್ತಾರೆ, ಅದೂ ಬೇವಿನಮರದ ಕೆಳಗೆ! ನನ್ನ ಅತ್ತೆ ಇದ್ದಿದ್ದರೆ ಮೊದಲೇ ಹೇಳಿರೋರು. ಮರುದಿನ, ಪಾಡ್ಯಕ್ಕೆ ಬದಲಾಯಿಸಿದೆ. ಕತ್ತಲು ಹೆಚ್ಚುಕಮ್ಮಿ ಅಷ್ಟೇ, ಮಕ್ಕಳು ಮೂವತ್ತು.

ಕತ್ತಲ ಸಂಜೆಗೆ ಬೇಕಾದ ಸಾಮಾನು ಬಹಳ ಅಗ್ಗ. ಹಳೇ ಮದುವೆ ಕಾಗದ, ಕಸಬರಿಗೆ ಕಡ್ಡಿ, ಗೋಂದು, ಕತ್ತರಿ, ಬಣ್ಣದ ಜಿಲೆಟಿನ್ ಕಾಗದ. ಮಕ್ಕಳು ತಾವೇ ಕಂಡುಕೊಳ್ಳಲಿ ಅಂತ ಮೊಬೈಲ್ ಟಾರ್ಚು ಒಂದು ಕಡೆ, ಲಾಟೀನು ಇನ್ನೊಂದು ಕಡೆ ಇಡುತ್ತೇನೆ. ಬೊಂಬೆ ದೀಪದ ಹತ್ತಿರ ಹೋದಷ್ಟೂ ನೆರಳು ಹಿಗ್ಗುತ್ತೆ ಅನ್ನೋದು ಐದು ನಿಮಿಷಕ್ಕೇ ಗೊತ್ತಾಗುತ್ತೆ. ಲಾಟೀನಿನಲ್ಲಿ ನೆರಳಿನ ಅಂಚು ಮಸುಕು, ಟಾರ್ಚಿನಲ್ಲಿ ಬ್ಲೇಡಿನಂತೆ ಚೂಪು, ಇದು ಯಾಕೆ ಅನ್ನೋದಕ್ಕೆ ಮಾತ್ರ ಹೊತ್ತು ಹಿಡಿಯುತ್ತೆ. ಲಾಟೀನಿನ ಉರಿ ಅಗಲ, ಟಾರ್ಚಿನ ದೀಪ ಸಾಸಿವೆಯಷ್ಟು. ಐದನೇ ಕ್ಲಾಸಿನ ಒಬ್ಬಳು ಲಾಟೀನಿಗೆ ತೂತು ಮಾಡಿದ ರಟ್ಟು ಅಡ್ಡ ಹಿಡಿದು ಅಂಚನ್ನು ಚೂಪು ಮಾಡಿ ತೋರಿಸಿದಳು. ನಾನು ಹೇಳಿಕೊಟ್ಟಿರಲಿಲ್ಲ.

ಒಮ್ಮೆ ತೊಗಲು ಬೊಂಬೆ ಆಡಿಸುವ ಹಿರಿಯರೊಬ್ಬರನ್ನು ಕರೆಸಿದೆ. ತೊಗಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು ಬಣ್ಣ ಹಾಕಿರುತ್ತಾರಲ್ಲ, ಪರದೆ ಮೇಲೆ ನೆರಳೂ ಬಣ್ಣದ್ದೇ ಬೀಳುತ್ತೆ. ಮದುವೆ ಕಾಗದದ ಕಪ್ಪು ನೆರಳು ಕಂಡಿದ್ದ ಮಕ್ಕಳು ಅದನ್ನು ನೋಡಿ ಬಾಯಿ ಬಿಟ್ಟುಕೊಂಡು ಕೂತವು. ಪರದೆ ಹಿಂದೆ ಬರ್ತೀವಿ ಅಂತ ಹಟ. ಅವರು ಒಪ್ಪಲಿಲ್ಲ. ಪೂಜೆ ಮಾಡಿ ಪೆಟ್ಟಿಗೆಯಿಂದ ತೆಗೆಯೋ ಬೊಂಬೆ, ಹುಡುಗರ ಕೈಗೆ ಹೇಗೆ ಕೊಡಲಿ ಅಂದರು. ನ್ಯಾಯವೇ. 'ಮುಟ್ಟಬೇಡಿ ಬೋರ್ಡು ಇಲ್ಲ' ಅಂತ ಜಂಬ ಪಡುತ್ತಿದ್ದ ನನಗೆ ಸ್ವಲ್ಪ ಇರಿಸುಮುರಿಸಾಯಿತು. ಕೊನೆಗೆ ಅವರೇ ದಾರಿ ತೋರಿದರು: ಚಪ್ಪಲಿ ಬಿಟ್ಟು ನಾಲ್ಕು ನಾಲ್ಕೇ ಜನ ಹಿಂದೆ ಬರಲಿ, ಕಣ್ಣಲ್ಲಿ ನೋಡಲಿ, ಮುಟ್ಟೋದಕ್ಕೆ ಇದು ತಗೊಳ್ಳಿ ಅಂತ ಮುರಿದುಹೋದ ಒಂದು ಬೊಂಬೆಯ ತೋಳು ಕೊಟ್ಟರು. ಅದು ಈಗಲೂ ನಮ್ಮಲ್ಲಿದೆ. ಹೆಚ್ಚು ಕೈ ಓಡಾಡಿರುವ ವಸ್ತು ಅದೇ ಇರಬೇಕು.

ಅಪ್ಪ-ಅಮ್ಮಂದಿರ ವಿಷಯ. ಮೊದಮೊದಲು ಅವರು ಗೋಡೆಗೊರಗಿ ಮೊಬೈಲ್ ನೋಡುತ್ತಾ ಕೂರೋರು, ಇಲ್ಲವೇ ಮಗುವಿನ ಕೈಯಿಂದ ಕತ್ತರಿ ಕಿತ್ತುಕೊಂಡು ತಾವೇ ಚೆಂದ ಮಾಡಿ ಕೊಡೋರು. ಎರಡನೇ ಜಾತಿಯವರೇ ಹೆಚ್ಚು ಅಪಾಯ. ಇದಕ್ಕೆ ಮದ್ದು ಸಿಕ್ಕಿದ್ದು ಒನಕೆಯಿಂದ. ದುರ್ಗದ ಯಾವ ಹುಡುಗಿಯೂ ಒನಕೆ ಕಂಡರೆ ಸುಮ್ಮನೆ ನಿಲ್ಲೋದಿಲ್ಲ, ಕೈಗೆ ಬಂದ ಕೂಡಲೇ ಓಬವ್ವ. ಆದರೆ ಹೈದರಾಲಿ ಸೈನಿಕರಾಗೋಕೆ ಹುಡುಗರು ಯಾರೂ ಒಪ್ಪೋದಿಲ್ಲ. ಸರಿ, ಅಪ್ಪಂದಿರನ್ನು ಸೈನಿಕರು ಮಾಡಿದೆ. ಫ್ರಿಜ್ಜಿನ ಖಾಲಿ ಡಬ್ಬಕ್ಕೆ ಕಿಂಡಿ ಕೊರೆದು, ನಿಜವಾದ ಒನಕೆ ಅಟ್ಟಕ್ಕೇರಿಸಿ, ಹಳೇ ಸೀರೆಯೊಳಗೆ ಹತ್ತಿ ತುಂಬಿದ ಒನಕೆ ಕೊಟ್ಟೆ. ಬ್ಯಾಂಕಿನವರು, ಮೇಷ್ಟ್ರು, ಅಡಿಕೆ ವ್ಯಾಪಾರಿ, ಎಲ್ಲರೂ ಸಾಲಾಗಿ ಅಂಬೆಗಾಲಿಟ್ಟು ಬಂದು ತಲೆ ಮೇಲೆ ಏಟು ತಿಂದರು. ಒಬ್ಬರು ಮೂರು ಸಲ ಸತ್ತರು. ಅವರ ಮಗಳು ಕಹಳೆ ಊದುವವನ ಪಾತ್ರದಲ್ಲಿದ್ದಳು, ನಗು ತಡೆಯಲಾರದೆ ಕಹಳೆಯೇ ಊದಲಿಲ್ಲ. ಅವತ್ತಿನಿಂದ ನನ್ನ ಲೆಕ್ಕ ಒಂದೇ: ದೊಡ್ಡವರಿಗೆ ಬಗ್ಗುವ, ಹೊರುವ, ಹಿಡಿದುಕೊಂಡು ನಿಲ್ಲುವ ಕೆಲಸ. ಚೆಂದ ಮಾಡುವ ಕೆಲಸ ಕೊಡಬಾರದು.

ಅಗೆತದ ಸಂಜೆಯ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳಬೇಕು, ಯಾಕೆಂದರೆ ಅಲ್ಲಿ ನಾನು ಹೆಚ್ಚು ತಪ್ಪು ಮಾಡಿದ್ದೇನೆ.

ನಮ್ಮೂರ ಪಕ್ಕದಲ್ಲೇ ಚಂದ್ರವಳ್ಳಿ ಇದೆ. ಎಂ.ಎಚ್. ಕೃಷ್ಣ ಅವರು ಮೈಸೂರು ಪುರಾತತ್ವ ಇಲಾಖೆಯಿಂದ ಅಲ್ಲಿ ಅಗೆಸಿದ್ದರು. 1947ರಲ್ಲಿ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ ನಮ್ಮದೇ ಜಿಲ್ಲೆಯ ಬ್ರಹ್ಮಗಿರಿಯ ಜೊತೆಗೆ ಅದನ್ನೂ ಅಗೆದರು. ಶಾತವಾಹನರ ಸೀಸದ ನಾಣ್ಯ, ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದ ಜಾಗ ಅದು. ಭಾನುವಾರ ಬೋಂಡಾ ಕಟ್ಟಿಕೊಂಡು ಹೋಗಿ ಕೆರೆ ನೋಡಿ, ಸೆಲ್ಫಿ ತೆಗೆದು ವಾಪಸ್ ಬರುವ ನಮ್ಮ ಮಕ್ಕಳಿಗೆ ಇದು ಗೊತ್ತಿರಲಿಲ್ಲ. ಅಂಗಳದಲ್ಲಿ ಆರಡಿ-ನಾಲ್ಕಡಿ ಗುಂಡಿ ತೋಡಿಸಿ, ಮೂರು ಪದರ ತುಂಬಿಸಿದೆ. ಅಡಿಯಲ್ಲಿ ಕೆಮ್ಮಣ್ಣು, ಒಡೆದ ಮಡಕೆ ಚೂರು, ನಾಣ್ಯ. ನಡುವೆ ಬೂದಿ, ಇದ್ದಿಲು. ಮೇಲೆ ಕಪ್ಪು ಮಣ್ಣು, ಸೋಡಾ ಬಾಟಲಿ ಮುಚ್ಚಳ, ಪ್ಲಾಸ್ಟಿಕ್ ಕವರು, ಒಂದು ರೂಪಾಯಿ ಬಿಲ್ಲೆ. ನಾಣ್ಯಕ್ಕೆ ಸೀಸ ಬಳಸಲಿಲ್ಲ, ಮಕ್ಕಳ ಕೈಗೆ ಅದು ವಿಷ. ಜೇಡಿಮಣ್ಣಿನಲ್ಲಿ ಆನೆ ಒತ್ತಿ ಒಲೆಯಲ್ಲಿ ಸುಟ್ಟೆ.

ತಪ್ಪು ಒಂದು: ಕರಪತ್ರದಲ್ಲಿ 'ನಿಧಿ ಹುಡುಕೋಣ ಬನ್ನಿ' ಅಂತ ಬರೆದಿದ್ದು. ನಿಧಿ ಆಸೆಗೆ ಹಳೇ ಗುಡಿಯ ಬುಡ ಅಗೆಯುವ ಜನ ಇರುವ ಸೀಮೆಯಲ್ಲಿ ಆ ಪದ ಎತ್ತಲೇಬಾರದಿತ್ತು. ಹತ್ತು ನಿಮಿಷಕ್ಕೆ ಗುಂಡಿ ಹಂದಿ ಹೊಕ್ಕ ಶೇಂಗಾ ಹೊಲದಂತಾಯಿತು. ಮೂರು ಪದರವೂ ಕಲಸಿ ಒಂದಾಗಿ, ಯಾವ ಚೂರು ಎಲ್ಲಿತ್ತೋ ಯಾರಿಗೂ ಗೊತ್ತಿಲ್ಲ. ನೋಡುತ್ತಾ ನಿಂತಿದ್ದ ನನಗೆ ಅಳು ಬರುವಷ್ಟು ಸಿಟ್ಟು ಬಂತು, ಮಕ್ಕಳ ಮೇಲಲ್ಲ.

ಮುಂದಿನ ಸಲ ದಾರ ಕಟ್ಟಿ ಗುಂಡಿಯನ್ನು ಇಪ್ಪತ್ನಾಲ್ಕು ಮನೆ ಮಾಡಿದೆ, ಚೌಕಾಬಾರದ ಮನೆ ಹಾಗೆ. ಒಂದು ಮನೆಗೆ ಒಬ್ಬರೋ ಇಬ್ಬರೋ. ಕೈಗೆ ಚಮಚ, ಬ್ರಶ್ಶು, ಪೆನ್ಸಿಲ್ಲು. ನಿಯಮ: ಸಿಕ್ಕ ವಸ್ತುವನ್ನು ಇದ್ದಲ್ಲೇ ಚಿತ್ರ ಬರೆದು, ಅಡಿಕೋಲಿಟ್ಟು ಆಳ ಅಳೆದ ಮೇಲೇ ಎತ್ತಬೇಕು. ಬರೆಯದೆ ಎತ್ತಿದ್ದು ಲೆಕ್ಕಕ್ಕಿಲ್ಲ. ಡ್ರಾಯಿಂಗ್ ಟೀಚರ್ ಬುದ್ಧಿ ಅಂತ ನಗಬೇಡಿ, ವೀಲರ್ ಹೆಸರಾದದ್ದೇ ಪದರಗಳನ್ನು ಹೀಗೆ ಬಿಡಿಸಿ ಓದಿದ್ದಕ್ಕೆ. ಒಂದೂವರೆ ಗಂಟೆ ಗುಂಡಿಯಿಂದ ಪಿಸುಮಾತು ಬಿಟ್ಟರೆ ಸದ್ದೇ ಇರಲಿಲ್ಲ.

ಆಗ ಒಬ್ಬಳು ಕೂಗಿಕೊಂಡಳು. ಅವಳ ಮನೆಯಲ್ಲಿ, ಅಡಿಯ ಕೆಮ್ಮಣ್ಣಿನಲ್ಲಿ, ಆನೆ ನಾಣ್ಯದ ಪಕ್ಕದಲ್ಲೇ ಚಾಕೊಲೇಟ್ ಕಾಗದ! ಶಾತವಾಹನರು ಚಾಕೊಲೇಟ್ ತಿಂತಿದ್ರು ಅಂತ ಒಂದು ಗುಂಪು. ಮಿಸ್ ತಪ್ಪು ತುಂಬಿಸಿದಾರೆ ಅಂತ ಇನ್ನೊಂದು. ನಾನು ತಪ್ಪು ತುಂಬಿಸಿರಲಿಲ್ಲ, ಬೇಕಾದರೆ ಆಣೆ ಇಡ್ತಿದ್ದೆ. ಗುಂಡಿಯ ಪಕ್ಕದ ಮನೆಯಲ್ಲಿದ್ದ ಹುಡುಗ ಸುಮ್ಮನೆ ಮಣ್ಣಿನ ಗೋಡೆಯನ್ನು ಬ್ರಶ್ಶಿನಿಂದ ಉಜ್ಜುತ್ತಿದ್ದವನು ಒಂದು ದುಂಡನೆ ಕಪ್ಪು ಗುರುತು ತೋರಿಸಿದ: ಮೇಲಿನ ಮಣ್ಣು ಓರೆಯಾಗಿ ಕೆಳಗಿಳಿದಿತ್ತು. ಇಲಿ ಬಿಲ. ಗುಂಡಿ ತುಂಬಿಸಿ ನಾನು ಹದಿನೈದು ದಿನ ಬಿಟ್ಟಿದ್ದೆನಲ್ಲ, ಶೇಂಗಾ ವಾಸನೆ ಇನ್ನೂ ಹೋಗದ ಗೋಡೌನಿನ ಇಲಿಗಳು ತಮ್ಮ ಕೆಲಸ ಮಾಡಿದ್ದವು. ನಿಜವಾದ ಅಗೆತದಲ್ಲೂ ಬಿಲಗಳು ಹೀಗೇ ಕಾಲ ಕಲಸಿಹಾಕುತ್ತವೆ. ನಾನು ಯೋಜನೆ ಹಾಕಿ ಕೂತಿದ್ದರೂ ಅಂಥ ಪಾಠ ತುಂಬಿಸಲಾಗುತ್ತಿರಲಿಲ್ಲ.

ಎರಡನೇ ತಪ್ಪು ತಿಳಿದದ್ದು ಮುಂದಿನ ವಾರ. ಅದೇ ಇಲಿ ಬಿಲದ ಹುಡುಗ ಜೇಬಿನ ತುಂಬ ಮಡಕೆ ಚೂರು ತಂದ. ಚಂದ್ರವಳ್ಳಿಗೆ ಹೋಗಿ ಆರಿಸಿಕೊಂಡು ಬಂದಿದ್ದ. ಮ್ಯೂಸಿಯಂಗೆ ಕೊಡುಗೆಯಂತೆ. ಅವನ ಮುಖದ ಹಿಗ್ಗು ನೋಡಿ ನನಗೆ ಬೈಯಲು ಬಾಯಿ ಬರಲಿಲ್ಲ, ಬೈಯಬೇಕಾದ್ದು ನನಗೇ. ನಮ್ಮ ಅಂಗಳದ ಗುಂಡಿ ಬೇರೆ, ಸಂರಕ್ಷಿತ ಜಾಗ ಬೇರೆ ಅಂತ ನಾನು ಹೇಳೇ ಇರಲಿಲ್ಲ. ಭಾನುವಾರ ಬೆಳಿಗ್ಗೆ ಅವನು, ಅವನ ಅಪ್ಪ, ನಾನು, ಮೂವರೂ ಹೋದೆವು. 'ಎಲ್ಲಿಂದ ಎತ್ತಿದ್ದೆ?' ಅಂದೆ. ಬಂಡೆ ಹತ್ತಿರ ಹೋದ, ಹಿಂದಕ್ಕೆ ಬಂದ, ಮರದ ಕಡೆ ನಡೆದ. 'ಇಲ್ಲೇ ಎಲ್ಲೋ ಮಿಸ್.' ಆಮೇಲೆ ತಾನೇ ಮೆಲ್ಲಗೆ, 'ಚಿತ್ರ ಬರ್ಕೊಂಡಿರ್ಲಿಲ್ಲ' ಅಂದ. ಚೂರುಗಳನ್ನು ಅಲ್ಲಿನ ಕಾವಲಿನವರ ಕೈಗೆ ಕೊಟ್ಟು ಬಂದೆವು. ಈಗ ಅಗೆತದ ಸಂಜೆ ಶುರುವಾಗುವ ಮೊದಲು ಈ ಮಾತನ್ನು ಹೇಳುವವನು ಅವನೇ.

ಕಂಬಳಿ ಸಂಜೆಯದು ಬೇರೆ ಕತೆ. ಚಳ್ಳಕೆರೆ ಕಡೆಯಿಂದ ಕಂಬಳಿ ನೇಯುವ ದಂಪತಿ ಬಂದಿದ್ದರು. ಉಣ್ಣೆ ಹಿಂಜೋದು, ರಾಟೆಯಲ್ಲಿ ನೂಲೋದು, ಹುಣಸೆಬೀಜ ಹುರಿದು ಸಿಪ್ಪೆ ತೆಗೆದು ಅರೆದು ಕುದಿಸಿ ಮಾಡಿದ ಗಂಜಿಯನ್ನು ನೂಲಿಗೆ ಸವರೋದು, ಎಲ್ಲಕ್ಕೂ ಮಕ್ಕಳ ಕೈ. ಬೀಜ ಅರೆಯಲು ಕೊನೆಗೂ ನಮ್ಮ ಬೀಸೋಕಲ್ಲಿಗೆ ನಿಜವಾದ ಕೆಲಸ ಸಿಕ್ಕಿತು. ಗಂಜಿಯ ನಾತ ಎರಡು ದಿನ ಹೋಗಲಿಲ್ಲ. ಎಲ್ಲ ಮುಗಿದ ಮೇಲೆ ಅಭ್ಯಾಸಬಲ ನೋಡಿ, ನಾನು ಅವರಿಗೆ ಶಾಲು ಹೊದಿಸಿದೆ. ಪಾಲಿಯೆಸ್ಟರ್ ಶಾಲು. ಜೀವಮಾನವೆಲ್ಲ ಕಂಬಳಿ ನೇಯ್ದ ಮನುಷ್ಯ ಅದರ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿ, ಏನೂ ಅನ್ನದೆ ಮಡಿಚಿ ಚೀಲಕ್ಕೆ ಹಾಕಿಕೊಂಡರು. ಶಾಲು, ಹಣ್ಣಿನ ಬುಟ್ಟಿ, ಫಲಕ, ಎಲ್ಲ ಆವತ್ತಿಗೆ ನಿಂತವು. ಈಗ ಬಂದ ಕೂಡಲೇ, ಕೆಲಸ ಶುರುವಾಗುವ ಮೊದಲೇ, ಸಂಭಾವನೆ ಕವರಿನಲ್ಲಿ. ಬಸ್ ಚಾರ್ಜು ಬೇರೆ.

ಸದ್ದಿನ ಸಂಜೆ ಎರಡು ಸಲ ಮಾಡಿದೆವು. ಕಾಡುಗೊಲ್ಲರ ಗಣೆ ಅನ್ನೋ ಕೊಳಲು, ಉರುಮೆ ಅನ್ನೋ ಚರ್ಮವಾದ್ಯ, ಸೇರು-ಪಾವು ಬಡಿಯೋದು. ಉರುಮೆಯ ಸದ್ದಿಗೆ ಪಕ್ಕದ ಮನೆಯ ಹಸುಗೂಸು ಎದ್ದು ಜಗಳವಾಯಿತು, ತಪ್ಪು ನಮ್ಮದೇ. ಇನ್ನೊಮ್ಮೆ ಮಾಡಿದರೆ ಊರಾಚೆ.

ಖರ್ಚು ಕೇಳುವವರಿಗೆ: ಒಂದು ಸಂಜೆಗೆ ಮೂರು ಸಾವಿರದ ಆಸುಪಾಸು, ಅದರಲ್ಲಿ ಮುಕ್ಕಾಲು ಪಾಲು ಕಲಾವಿದರಿಗೆ. ಮಗುವಿಗೆ ಇಪ್ಪತ್ತು ರೂಪಾಯಿ ತಗೊಳ್ತೀವಿ, ಇಲ್ಲದವರಿಗೆ ಒಂದು ಹಿಡಿ ಶೇಂಗಾ. ಒಗ್ಗರಣೆ ಮಂಡಕ್ಕಿ ಅಮ್ಮಂದಿರದು. ನಲವತ್ತು ಮಕ್ಕಳ ಮೇಲೆ ಒಂದನ್ನೂ ಸೇರಿಸೋದಿಲ್ಲ, ಇದಕ್ಕೆ ಬೈಸಿಕೊಂಡಿದ್ದೇನೆ, ಬೈಸಿಕೊಳ್ತೀನಿ. ಫೆಬ್ರವರಿ-ಮಾರ್ಚಿನಲ್ಲಿ ಬಾಗಿಲು ಹಾಕಿ ಸುಮ್ಮನಿರೋದೇ ವಾಸಿ. ಉಳಿದ ತಿಂಗಳಲ್ಲಿ ನಮ್ಮ ದೊಡ್ಡ ವೈರಿ ಟ್ಯೂಷನ್ನು, ಅದಕ್ಕೇ ಪಾಡ್ಯದ ಕತ್ತಲ ಸಂಜೆ ಬಿಟ್ಟರೆ ಉಳಿದದ್ದೆಲ್ಲ ಶನಿವಾರ ಐದೂವರೆಯಿಂದ ಏಳೂವರೆ.

ಮುಂದಿನದು ನೀರಿನ ಸಂಜೆ. ಕೋಟೆ ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಇಳಿದು ಊರಿನ ಸಿಹಿನೀರು ಹೊಂಡ, ಸಂತೆ ಹೊಂಡಕ್ಕೆ ನೀರು ಬರುವಂತೆ ಹಿಂದಿನವರು ಕಟ್ಟಿದ್ದನ್ನು ಬೇವಿನಮರದ ಇಳಿಜಾರಿನಲ್ಲಿ ಪುಟ್ಟದಾಗಿ ಮಾಡುತ್ತಿದ್ದೇವೆ. ನಾಲ್ಕು ಬೋಗುಣಿ, ಒಂದಿಷ್ಟು ಪೈಪು, ಕಲ್ಲು, ಜೇಡಿಮಣ್ಣು. ಮೊದಲೆರಡು ಹೊಂಡ ಸರಿಯಾಗಿ ತುಂಬಿ ಹರಿಯುತ್ತಿವೆ. ಮೂರನೇದು ಸೋರುತ್ತಿದೆ. ಮೂರನೇ ಹೊಂಡದ ಮೇಲ್ವಿಚಾರಣೆ ಕಿಂಡಿಯಲ್ಲಿ ಮೂರು ಸಲ ಸತ್ತ ಆ ಅಪ್ಪನದು. ನಿನ್ನೆ ರಾತ್ರಿ ಎಂಟಕ್ಕೆ ಪ್ಯಾಂಟು ಮಡಿಚಿಕೊಂಡು ಕೂತು ಇನ್ನೂ ಮಣ್ಣು ಮೆತ್ತುತ್ತಿದ್ದರು, ಮಗಳು ಟಾರ್ಚು ಹಿಡಿದಿದ್ದಳು.