ಪುರಸಭೆ ಫಲಿತಾಂಶವನ್ನು ನಕ್ಷೆಗೆ ಇಳಿಸುವುದು ಹೇಗೆ?

23 ವಾರ್ಡಿನ ಪುರಸಭೆಯೊಂದರ ಫಲಿತಾಂಶವನ್ನು ನಕ್ಷೆ ಮಾಡಲು ಮೂರು ಸಾಮಗ್ರಿ ಸಾಕು: ರಾಜ್ಯ ಚುನಾವಣಾ ಆಯೋಗದ ವಾರ್ಡ್‌ವಾರು ಫಲಿತಾಂಶ, ವಾರ್ಡ್ ವಿಂಗಡಣೆಯ ರಾಜ್ಯಪತ್ರ ಅಧಿಸೂಚನೆ, ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶ. ಮುಕ್ಕಾಲು ಪಾಲು ಶ್ರಮ ಗಡಿ ಎಳೆಯುವುದರಲ್ಲೇ ಹೋಗುತ್ತದೆ. (ಗ್ರಾಮ ಪಂಚಾಯಿತಿಗೆ ಇದೇ ಕ್ರಮ ಒಗ್ಗದು, ಅಲ್ಲಿ ಪಕ್ಷದ ಚಿಹ್ನೆಯೇ ಇಲ್ಲ.)

ಅಧಿಸೂಚನೆಯಲ್ಲಿ ಪ್ರತಿ ವಾರ್ಡಿನ ಚಕ್ಕುಬಂದಿ ಇರುತ್ತದೆ. ‘ಇಂಥವರ ಮನೆಯಿಂದ ದೊಡ್ಡ ಮೋರಿಯವರೆಗೆ’ ಎಂಬ ಧಾಟಿಯ ವಿವರಣೆ. ಆ ಮನೆ ಈಗ ಕೈ ಬದಲಾಗಿರಬಹುದು, ಕಾಂಪ್ಲೆಕ್ಸೇ ಆಗಿರಬಹುದು. ಇಂಥ ಕಡೆ ವಾರ್ಡಿನ ಮತದಾರರ ಪಟ್ಟಿಯ ಮನೆ ನಂಬರುಗಳನ್ನು ತಾಳೆ ನೋಡಿ. ಅದೂ ಸಾಲದಿದ್ದರೆ ಕಂದಾಯ ವಸೂಲಿಯ ಬಿಲ್ ಕಲೆಕ್ಟರನ್ನು ಕೇಳಿ. ಊರಂಚಿನಲ್ಲಿ ಗಡಿ ಸರ್ವೆ ನಂಬರಿನ ಮೇಲೆ ಹೋಗಿದ್ದರೆ, ನಕ್ಷೆಯ ಮೇಲೆ ಸರ್ವೆ ನಂಬರು ತೋರಿಸುವ ದಿಶಾಂಕ್ ಆ್ಯಪ್ ನೆರವಿಗೆ ಬರುತ್ತದೆ.

ವಾರ್ಡುಗಳನ್ನು ಒಂದೊಂದಾಗಿ ಪಾಲಿಗನ್ (ಮುಚ್ಚಿದ ಆಕೃತಿ) ಆಗಿ ಬರೆಯಲು ಹೋಗಬೇಡಿ. ಅಕ್ಕಪಕ್ಕದ ಗಡಿಗಳ ನಡುವೆ ಸೀಳು ಉಳಿಯುತ್ತದೆ, ಇಲ್ಲವೇ ಒಂದರ ಮೇಲೊಂದು ಹತ್ತುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯನ್ನು ಹಿನ್ನೆಲೆಗೆ ಹಾಕಿಕೊಂಡು ರಸ್ತೆ, ಮೋರಿ, ರೈಲು ಹಳಿಗಳ ಮೇಲೆ ಬರೀ ಗೆರೆ ಎಳೆಯಿರಿ. ಪುರಸಭೆಯ ಹೊರಗಡಿಯೂ ಗೆರೆಯೇ. ಆಮೇಲೆ ಗೆರೆಗಳ ನಡುವಿನ ಜಾಗವನ್ನು ಪಾಲಿಗನ್ ಮಾಡುವ ‘ಪಾಲಿಗನೈಸ್’ ಸಾಧನ ಓಡಿಸಿ. 23ರ ಬದಲು 22 ಬಂದರೆ ಎಲ್ಲೋ ಒಂದು ಗೆರೆ ಇನ್ನೊಂದನ್ನು ಮುಟ್ಟದೆ ನಿಂತು ಎರಡು ವಾರ್ಡು ಕೂಡಿಕೊಂಡಿವೆ. ಆದ್ದರಿಂದ ಗೆರೆಯ ತುದಿಯನ್ನು ಕೊಂಚ ದಾಟಿಸಿಯೇ ಬಿಡಿ. ದಾಟಿದರೆ ತೊಂದರೆಯಿಲ್ಲ, ಮುಟ್ಟದಿದ್ದರೆ ತೊಂದರೆ. ವಿಸ್ತೀರ್ಣ ಲೆಕ್ಕ ಬೇಕಿದ್ದರೆ ಇಪಿಎಸ್‌ಜಿ 32643 ಎಂಬ ನಿರ್ದೇಶಾಂಕ ವ್ಯವಸ್ಥೆ ಆರಿಸಿ. ಕೋಲಾರ, ಮುಳಬಾಗಿಲು ಕಡೆಗೆ 32644.

ಫಲಿತಾಂಶವನ್ನು ಯುಟಿಎಫ್-8 ಸಿಎಸ್‌ವಿ ಕಡತವಾಗಿ (ಕನ್ನಡ ಅಕ್ಷರ ಕೆಡದ, ಅಲ್ಪವಿರಾಮದಿಂದ ಬೇರ್ಪಡಿಸಿದ ಕೋಷ್ಟಕ) ಉಳಿಸಿ, ವಾರ್ಡಿಗೊಂದು ಸಾಲು. ಅದನ್ನು ನಕ್ಷೆಯ ವಾರ್ಡುಗಳಿಗೆ ಜೋಡಿಸುವುದು ಹೆಸರಿನಿಂದ ಬೇಡ, ವಾರ್ಡ್ ನಂಬರಿನಿಂದಲೇ ಆಗಲಿ. ಜೋಡಿಸಿದ ಮೇಲೆ ಎಲ್ಲ ಖಾಲಿ ಕಂಡರೆ ಒಂದು ಕಡೆ ನಂಬರು ಪಠ್ಯವಾಗಿ, ಇನ್ನೊಂದು ಕಡೆ ಅಂಕಿಯಾಗಿ ಕೂತಿರುತ್ತದೆ, ಅಥವಾ ಯಾರೋ 12ರ ಬದಲು ೧೨ ಹೊಡೆದಿರುತ್ತಾರೆ. ಹಳೆಯ ಪಿಡಿಎಫ್‌ನಿಂದ ನಕಲಿಸಿದ ಕನ್ನಡ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬಂದರೆ ಅದು ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ಫಾಂಟ್, ಯೂನಿಕೋಡ್ ಪರಿವರ್ತಕಕ್ಕೆ ಹಾಕಿ.

ಬಣ್ಣದ ವಿಷಯಕ್ಕೆ ಬನ್ನಿ. ಗೆದ್ದ ಪಕ್ಷವನ್ನಷ್ಟೇ ತೋರಿಸುವ ನಕ್ಷೆ ಅರ್ಧ ಸುಳ್ಳು. ಉದಾಹರಣೆಗೆ, ಒಂದು ವಾರ್ಡಿನಲ್ಲಿ 412, 398, 187 ಮತ ಬಿದ್ದು, ನೋಟಾ 6 ಎನ್ನೋಣ. ನೋಟಾ ಬಿಟ್ಟು ಒಟ್ಟು 997. ಗೆದ್ದವರಿಗೆ ಶೇ. 41.3, ಅಂತರ ಬರೀ 14 ಮತ, ಅಂದರೆ ಶೇ. 1.4. ಈ ವಾರ್ಡನ್ನು ಯಾರ ಕೋಟೆ ಎಂದೂ ಕರೆಯುವಂತಿಲ್ಲ. ಪಕ್ಷಕ್ಕೊಂದು ಬಣ್ಣ ಕೊಟ್ಟು, ಅಂತರ ಶೇ. 5ರೊಳಗಿದ್ದರೆ ತೆಳು, 5ರಿಂದ 15ಕ್ಕೆ ಮಧ್ಯಮ, ಅದಕ್ಕೂ ಮೇಲಿದ್ದರೆ ಗಾಢ ಮಾಡಿ. ಅವಿರೋಧ ಆಯ್ಕೆಗೆ ಅಂತರವೇ ಇಲ್ಲ. ಅದನ್ನು ಗೀಟು ಹಾಕಿ ಬೇರೆ ತೋರಿಸಿ, ಸೊನ್ನೆ ಎಂದು ತುಂಬಬೇಡಿ. ಪಕ್ಷೇತರರನ್ನೆಲ್ಲ ಒಂದೇ ಬೂದು ಬಣ್ಣಕ್ಕೆ ತಳ್ಳುವ ಮುನ್ನ ಬಂಡಾಯ ಅಭ್ಯರ್ಥಿ ಯಾರೆಂದು ಗುರುತು ಹಾಕಿಕೊಳ್ಳಿ, ಚರ್ಚೆ ಬಹುಪಾಲು ಅವರ ಮೇಲೇ ನಡೆಯುತ್ತದೆ.

ಪೇಟೆ ಬೀದಿಯ ವಾರ್ಡು ಅಂಗೈ ಅಗಲ, ಊರಂಚಿನದು ಹೊಲಗದ್ದೆ ಸೇರಿ ವಿಶಾಲ. ಮತದಾರರ ಸಂಖ್ಯೆ ಮಾತ್ರ ಸರಿಸುಮಾರು ಒಂದೇ. ಹಾಗಾಗಿ ಬಣ್ಣದ ಜೊತೆಗೆ ವಾರ್ಡಿನ ನಡುವೆ ಚಲಾವಣೆಯಾದ ಮತಕ್ಕೆ ತಕ್ಕ ವೃತ್ತ ಇಟ್ಟರೆ ಕಣ್ಣು ಮೋಸ ಹೋಗದು.

ಹಳೆಯ ಚುನಾವಣೆಯೊಂದಿಗೆ ಹೋಲಿಸುವಾಗ ಎಚ್ಚರ. 2011ರ ಜನಗಣತಿ ಆಧಾರದ ಮರುವಿಂಗಡಣೆ ನಡುವೆ ಬಂದದ್ದರಿಂದ 2013ರ 7ನೇ ವಾರ್ಡನ್ನು 2018ರ 7ನೇ ವಾರ್ಡಿನ ಪಕ್ಕ ಇಟ್ಟು ಏರಿಳಿತ ಲೆಕ್ಕ ಹಾಕಲಾಗದು. ಮೀಸಲಾತಿ ಬದಲಾದರೆ ಅಭ್ಯರ್ಥಿಗಳೂ ಬದಲಾಗುತ್ತಾರೆ. ಅದಕ್ಕೊಂದು ಕಾಲಂ ಇರಲಿ.

ಅಧ್ಯಕ್ಷ ಗಾದಿ ಯಾರಿಗೆ ಎಂಬ ಪ್ರಶ್ನೆಗೆ ಈ ನಕ್ಷೆಯಲ್ಲಿ ಪೂರ್ತಿ ಉತ್ತರ ಸಿಗದು. ಆ ಚುನಾವಣೆಯಲ್ಲಿ ಶಾಸಕರಿಗೂ ಸಂಸದರಿಗೂ ಮತವಿದೆ, ನಾಮನಿರ್ದೇಶಿತ ಸದಸ್ಯರಿಗಿಲ್ಲ. 23ಕ್ಕೆ ಆ ಇಬ್ಬರು ಸೇರಿದರೆ 25. ಎಲ್ಲರೂ ಹಾಜರಾದರೆ ಬಹುಮತಕ್ಕೆ 12 ಅಲ್ಲ, 13 ಬೇಕು.