ಈಯುವ ಹೊತ್ತಿಗೆ ಮೇವು ಬಿಟ್ಟ ಕುರಿ: ಮೊದಲ ದಿನವೇ ಮಾಡಬೇಕಾದ ಕೆಲಸ

ಬೆಳಿಗ್ಗೆ ಹಿಂಡಿ ಹಾಕಿದಾಗ ಉಳಿದ ಕುರಿಗಳೆಲ್ಲ ಮುಗಿಬಿದ್ದು, ಹೊಟ್ಟೆ ಇಳಿದ ಒಂದು ಗಬ್ಬದ ಕುರಿ ಮಾತ್ರ ದಡ್ಡಿಯ ಮೂಲೆಯಲ್ಲಿ ನಿಂತಿದ್ದರೆ, ಅವತ್ತು ಅದನ್ನು ಮೇಯಲು ಬಿಡಬೇಡಿ. ಗಬ್ಬದ ನಂಜು (ಪ್ರೆಗ್ನೆನ್ಸಿ ಟಾಕ್ಸೀಮಿಯಾ) ಎಂಬ ರೋಗದ ಮೊದಲ ಸುಳಿವು ಅದೇ. ಎರಡನೇ ದಿನಕ್ಕೆ ಹಲ್ಲು ಕಡಿಯುತ್ತದೆ, ಕಣ್ಣು ಕಾಣದಂತೆ ಗೋಡೆಗೆ ಹಾಯುತ್ತದೆ, ಬಾಯಿಂದ ಕೊಳೆತ ಹಣ್ಣಿನಂಥ ಸಿಹಿ ವಾಸನೆ ಬರುತ್ತದೆ. ಮಲಗಿ ಏಳದ ಹಂತಕ್ಕೆ ಹೋದ ಮೇಲೆ ಉಳಿಸುವುದು ಬಹಳ ಕಷ್ಟ.

ಕುರಿಯ ಗಬ್ಬ ಸುಮಾರು 150 ದಿನದ್ದು. ಮರಿ ಹೆಚ್ಚಾಗಿ ಬೆಳೆಯುವುದು ಕೊನೆಯ ಆರು ವಾರದಲ್ಲಿ. ಆಗಲೇ ಗರ್ಭ ಹೊಟ್ಟೆ ತುಂಬಿಕೊಂಡು ಮೇವಿಗೆ ಜಾಗ ಸಾಲದಾಗುತ್ತದೆ. ಸಕ್ಕರೆಯ ಅಂಶ ಮರಿಗಳಿಗೆ ಹೋಗಿ ತಾಯಿಗೆ ಕಡಿಮೆ ಬಿದ್ದಾಗ ಅದು ಮೈಯ ಕೊಬ್ಬು ಕರಗಿಸುತ್ತದೆ; ಅದರಿಂದ ಹುಟ್ಟುವ ಕೀಟೋನ್ ರಕ್ತದಲ್ಲಿ ಸೇರಿ ನಂಜಾಗುತ್ತದೆ. ಅವಳಿ ಹೊತ್ತ ಕುರಿಗೆ ಇದರ ಕಾಟ ಹೆಚ್ಚು, ಹಾಗಾಗಿ ಹೆಚ್ಚಾಗಿ ಅವಳಿ ಹಾಕುವ ನಾರಿ ಸುವರ್ಣ ತಳಿ ಸಾಕಿದವರು ಇನ್ನೂ ಎಚ್ಚರವಾಗಿರಬೇಕು. ಬಡಕಲು ಕುರಿಗೂ ಬರುತ್ತದೆ, ತೀರ ಕೊಬ್ಬಿದ್ದಕ್ಕೂ ಬರುತ್ತದೆ. ಎರಡು ದಿನ ಜಿಟಿಜಿಟಿ ಮಳೆ ಹಿಡಿದು ದಡ್ಡಿಯಲ್ಲೇ ಅರೆಹೊಟ್ಟೆ ನಿಂತರೂ ಸಾಕು.

ಮೊದಲು ಗುದದಲ್ಲಿ ಥರ್ಮಾಮೀಟರ್ ಇಟ್ಟು ಜ್ವರ ನೋಡಿ. 102ರಿಂದ 103.5 ಡಿಗ್ರಿ ಇದ್ದರೆ ಸರಿಯಾಗಿದೆ. 104 ದಾಟಿದ್ದರೆ ಅದು ಬೇರೆ ರೋಗ, ಕೆಳಗೆ ಹೇಳುವ ಉಪಚಾರಕ್ಕೆ ಕೈಹಾಕದೆ ಡಾಕ್ಟರಿಗೆ ತೋರಿಸಿ. ಜ್ವರವಿಲ್ಲದೆ, ದೂರ ನಡೆಸಿದ ಮೇಲೋ ಲಾರಿಯಲ್ಲಿ ಸಾಗಿಸಿದ ಮೇಲೋ ಒಮ್ಮೆಲೇ ನಡುಗಿ ಕುಸಿದು, ಕಿವಿ ತಣ್ಣಗಾಗಿ, ಹೊಟ್ಟೆ ಉಬ್ಬಿದ್ದರೆ ಕ್ಯಾಲ್ಸಿಯಂ ಕೊರತೆಯ ಅನುಮಾನ. ಅದಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಬಹಳ ಸಲ ಒಂದೆರಡು ತಾಸಿನಲ್ಲೇ ಎದ್ದು ನಿಲ್ಲುತ್ತದೆ. ನಂಜು, ಕ್ಯಾಲ್ಸಿಯಂ ಕೊರತೆ ಎರಡೂ ಒಟ್ಟಿಗೆ ಇರುವುದುಂಟು. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಕೀಟೋನ್ ಪಟ್ಟಿಯನ್ನು ಉಚ್ಚೆಯಲ್ಲಿ ಅದ್ದಿ ನೋಡಿದರೆ ಗೊಂದಲ ಕಡಿಮೆಯಾಗುತ್ತದೆ. ಮಲಗಿದ ಕುರಿಯನ್ನು ಎಬ್ಬಿಸಿದ ಕೂಡಲೇ ಸಾಮಾನ್ಯವಾಗಿ ಉಚ್ಚೆ ಹೊಯ್ಯುತ್ತದೆ, ಬಟ್ಟಲು ಹಿಡಿದು ಸಿದ್ಧವಾಗಿರಿ.

ಬೆಲ್ಲದ ನೀರು ಕುಡಿಸುವ ರೂಢಿ ನಮ್ಮಲ್ಲಿ ಬಹಳ. ಆದರೆ ಬೆಲ್ಲವಿರಲಿ ಗ್ಲೂಕೋಸ್ ಪುಡಿಯಿರಲಿ, ಮೊದಲ ಹೊಟ್ಟೆಯಲ್ಲೇ ಹುಳಿಯುತ್ತದೆ, ರಕ್ತಕ್ಕೆ ಸಕ್ಕರೆಯಾಗಿ ಸೇರುವುದು ತೀರ ಕಡಿಮೆ. ಅರ್ಧ ಕಿಲೋ ಬೆಲ್ಲ ಕುಡಿಸಿದರೆ ಹುಳಿ ಹೆಚ್ಚಾಗಿ ಕುರಿ ಅದರಿಂದಲೇ ಸಾಯಬಹುದು. ಬೇಕಾದದ್ದು ಪ್ರೊಪಿಲೀನ್ ಗ್ಲೈಕಾಲ್. ಆಕಳಿಗೆ ಬರುವ ಇಂಥದೇ ಕೀಟೋನ್ ರೋಗವಾದ ಕೀಟೋಸಿಸ್‌ಗೆಂದು ದನದ ಔಷಧಿ ಅಂಗಡಿಯಲ್ಲಿ ಮಾರುತ್ತಾರೆ. ಲಿವರ್ ಅದನ್ನು ಸಕ್ಕರೆಯಾಗಿಸುತ್ತದೆ. 30–35 ಕಿಲೋ ತೂಗುವ ಕುರಿಗೆ ಬೆಳಿಗ್ಗೆ 50–60 ಮಿ.ಲೀ., ಸಂಜೆ ಅಷ್ಟೇ, ಸಮನಾಗಿ ನೀರು ಬೆರೆಸಿ, ಮೂರು ದಿನ. ಹೆಚ್ಚು ಕೊಟ್ಟರೆ ಅದೂ ವಿಷವೇ.

ಗೊಟ್ಟ ಹಾಕುವಾಗ ತಲೆ ಮೇಲಕ್ಕೆತ್ತಬೇಡಿ. ಮೂಗು ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬಾರದು. ಸೂಜಿಯಿಲ್ಲದ ಸಿರಿಂಜಿನಿಂದ ಕಟಬಾಯಲ್ಲಿ ಸ್ವಲ್ಪ ಸ್ವಲ್ಪ ಹಾಕಿ, ನುಂಗಿದ ಮೇಲೆ ಮತ್ತೆ ಹಾಕಿ. ಕೆಮ್ಮಿದರೆ ತಲೆ ಬಿಟ್ಟುಬಿಡಿ. ನುಂಗದಷ್ಟು ಸೋತ ಕುರಿಗೆ ಬಾಯಿಂದ ಏನನ್ನೂ ಹಾಕಬಾರದು, ಶ್ವಾಸಕೋಶಕ್ಕೆ ಇಳಿಯುತ್ತದೆ. ಅಂಥದ್ದಕ್ಕೆ ನರದ ಮೂಲಕ ಡೆಕ್ಸ್‌ಟ್ರೋಸ್ (ಸಕ್ಕರೆಯ ದ್ರಾವಣ) ಬೇಕು, ಅದು ಡಾಕ್ಟರ ಕೆಲಸ. ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಕ್ಯಾಲ್ಸಿಯಂ ಕೂಡ ಅವರನ್ನು ಕೇಳಿಯೇ ಕೊಡಿ. ಚರ್ಮದಡಿ ಕೊಡಲು ಹೇಳಿದರೆ ಬಾಟಲಿಯನ್ನು ಉಗುರುಬೆಚ್ಚಗೆ ಮಾಡಿ, ನಾಲ್ಕೈದು ಕಡೆ ಹಂಚಿ ಹಾಕಿ.

ಟಗರು ಬಿಟ್ಟ ತಾರೀಖು ಬರೆದಿಟ್ಟಿದ್ದರೆ ಈಗ ಬಹಳ ಉಪಯೋಗ. 140 ದಿನ ದಾಟಿದ್ದರೆ ಡಾಕ್ಟರು ಸ್ಟೀರಾಯ್ಡ್ ಸೂಜಿ ಕೊಟ್ಟು ಎರಡು ಮೂರು ದಿನದಲ್ಲಿ ಈಯಿಸಬಹುದು, ಇಲ್ಲವೇ ಆಪರೇಷನ್ ಮಾಡಬಹುದು. ತಾರೀಖು ಗೊತ್ತಿಲ್ಲದೆ ಈಯಿಸಿದರೆ ಎಳಸು ಮರಿಗಳು ಬದುಕುವುದಿಲ್ಲ.

ಮಲಗಿದ ಕುರಿಯನ್ನು ಎದೆಯ ಮೇಲೆ ಕೂರಿಸಿ, ಎರಡೂ ಬದಿಗೆ ಹೊಟ್ಟು ತುಂಬಿದ ಚೀಲ ಒತ್ತುಕೊಡಿ. ಎರಡು ಮೂರು ತಾಸಿಗೊಮ್ಮೆ ಮಗ್ಗುಲು ಬದಲಿಸಿ. ಮುಂದೆ ಶೇಂಗಾ ಹೊಟ್ಟು, ಹಸಿ ಸೊಪ್ಪು, ಶುದ್ಧ ನೀರು ಇರಲಿ. ಗೋವಿನಜೋಳದ ನುಚ್ಚು ಒಂದು ಹಿಡಿಯಿಂದ ಶುರುವಾಗಲಿ. ಹಿಂಡಿನ ಉಳಿದ ಗಬ್ಬದ ಕುರಿಗಳಿಗೂ ಅವತ್ತಿನಿಂದಲೇ ದಿನಕ್ಕೆ 100 ಗ್ರಾಂ ನುಚ್ಚು-ಹಿಂಡಿ ಹಾಕಿ, ವಾರದಲ್ಲಿ 250 ಗ್ರಾಂಗೆ ಏರಿಸಿ.

ಮರಿ ಸತ್ತು ಹುಟ್ಟಿದರೆ ಅದನ್ನೂ ಮಾಸವನ್ನೂ ಬರಿಗೈಯಲ್ಲಿ ಮುಟ್ಟಬೇಡಿ. ಬಸುರಿಯರು ಹತ್ತಿರ ಹೋಗಲೇಬಾರದು. ಬದುಕಿ ಹುಟ್ಟಿದ ಎರಡು ಕಿಲೋ ಮರಿಗೆ ಎರಡು ತಾಸಿನೊಳಗೆ 100 ಮಿ.ಲೀ. ಗಿಣ್ಣದ ಹಾಲು ಹೋಗಬೇಕು. ಸೋತ ತಾಯಿಗೆ ಹಾಲಿಳಿಯುವುದು ತಡ, ಅದೇ ದಿನ ಈದ ಇನ್ನೊಂದು ಕುರಿಯಿಂದ ಹಿಂಡಿಕೊಳ್ಳಿ.